ಹಾಳೆಯ ಹಿಂದಿನ ನವಿಲು

ರಾಯಚೂರಿನ ಪುಸ್ತಕದಂಗಡಿಯವರು ಮೊದಲು ಕೇಳಿದ್ದು, "ಪಾಪು ಎಷ್ಟನೇ ಕ್ಲಾಸ್ ರೀ ಅಕ್ಕಾರ?" ಅಂತ.

"ಪಾಪುಗೆ ಅರವತ್ತೆರಡು ವರ್ಷ" ಅಂದೆ. ಅವರು ನಗಲಿಲ್ಲ. ದೊಡ್ಡವರಿಗೆಂದೇ ಬಣ್ಣ ತುಂಬುವ ಪುಸ್ತಕಗಳು ಮೇಲಿನ ಅಟ್ಟದಲ್ಲಿದ್ದವು. ಧೂಳು ಕೊಡವಿ ಇಳಿಸಿಕೊಟ್ಟರು.

ನಮ್ಮ ಮನೆಯವರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು. ಬೆರಳಿಗೆ ಕೆಲಸ ಕೊಡಬೇಕು, ಬಣ್ಣ ತುಂಬಿಸಿ ಎಂದು ಡಾಕ್ಟರು ಹೇಳಿದ್ದರು. ಮೊದಲು ಮಾನ್ವಿಯಲ್ಲೇ, ನಮ್ಮೂರಲ್ಲೇ ಸಿಕ್ಕ ಒಂದನ್ನು ತಂದಿದ್ದೆ. ಅದರಲ್ಲಿ ಆನೆ, ಮಾವಿನಹಣ್ಣು, ಬಲೂನು. "ನಾನೇನು ಅಂಗನವಾಡಿ ಕೂಸೇನು?" ಎಂದು ಎಡಗೈಯಲ್ಲಿ ದೂಡಿಬಿಟ್ಟರು. ಹಾಗಾಗಿ ರಾಯಚೂರಿನ ಬಸ್ಸು ಹತ್ತಿದ್ದೆ.

ಅವರಿಗೆ ಬಣ್ಣದ ಪುಸ್ತಕ ಹುಡುಕುವ ಕೆಲಸ ನನ್ನ ಪಾಲಿಗೆ ಬಂತಲ್ಲ, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮದು ಅಕ್ಕಿ ಗಿರಣಿ. ಹಿರೇಕೊಟ್ನೆಕಲ್, ಮಲ್ಲಟದ ಕಡೆಯ ಭತ್ತ ಬರುತ್ತದೆ. ನಮ್ಮ ಅಕ್ಕಿಚೀಲದ ಮೇಲೊಂದು ನವಿಲಿದೆ. ಆ ನವಿಲನ್ನು ಬರೆದವಳು ನಾನು. ಮದುವೆಯಾದ ಎರಡನೇ ವರ್ಷ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದೆ. ನನಗೆ ಹಕ್ಕಿಯ ಕಾಲು ಬರೆಯಲು ಬರುತ್ತಿರಲಿಲ್ಲ. ಅದಕ್ಕೇ ಕಾಲಿನ ಜಾಗದಲ್ಲಿ ಒಂದು ಭತ್ತದ ತೆನೆ ಅಡ್ಡ ಇಟ್ಟು ಮುಚ್ಚಿಬಿಟ್ಟೆ.

ಮಾವನವರು ನೋಡಿ, "ಭೇಷ್! ಯಾರು ಬರದದ್ದು?" ಎಂದರು. "ನಾನs ಬರದೀನಿ" ಎಂದರು ನಮ್ಮ ಮನೆಯವರು. ನಾನು ಬಾಗಿಲ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಆಮೇಲೆ ಇವರು ಒಳಗೆ ಬಂದು, "ಹೆಣ್ಣಮಕ್ಕಳು ಬರದಾರಂದ್ರ ಬಜಾರದಾಗ ಮಂದಿ ಏನಂದಾರು?" ಎಂದರು. ಅಂದಿನಿಂದ ಒಂದೇ ಒಂದು ಆಸೆ ಇಟ್ಟುಕೊಂಡು ಬಂದೆ. ಒಂದು ಸಲ, ನಾಲ್ಕು ಜನರ ಎದುರು ಬೇಡ, ನನ್ನೆದುರಿಗಾದರೂ, ಆ ನವಿಲು ನಿನ್ನದು ಎನ್ನಲಿ ಅಂತ.

ರಾಯಚೂರಿನಿಂದ ತಂದ ಎರಡನೇ ಪುಸ್ತಕದ ತುಂಬ ಬಳ್ಳಿ, ಹೂವು. ಹಾಳೆ ಮಾತ್ರ ಲಗ್ನಪತ್ರಿಕೆಯಂತೆ ನುಣುಪು. ಬಣ್ಣದ ಪೆನ್ಸಿಲು ಜಾರುತ್ತಿತ್ತು. ಹೊಸ ಪುಸ್ತಕ ಯಾವುದೇ ಬರಲಿ, ಮೊದಲ ಹಾಳೆಗೆ ವಿಭೂತಿ ಎಳೆಯುವುದು ನಮ್ಮ ಮನೆಯ ಪದ್ಧತಿ. ಪೂಜೆ ಮುಗಿಸಿ ಎದ್ದವರು ಎಡಗೈಯ ಮೂರು ಬೆರಳು ಎಳೆದೇಬಿಟ್ಟರು. ಹಾಳೆ ಕೆಟ್ಟಿತು ಅಂದುಕೊಂಡೆ. ಆದರೆ ಬೂದಿ ಬಿದ್ದ ಕಡೆಯೇ ಬಣ್ಣ ಹಿಡಿಯಿತು.

"ನೋಡಿದ್ಯಾ, ವಿಭೂತಿ ಬಿದ್ದಲ್ಲಿ ಹೆಂಗ ಹತ್ತಾಕತ್ತದ!" ಎಂದರು.

ನುಣುಪು ಹೋಗಿ ಹಾಳೆ ತರಿತರಿಯಾಗಿದ್ದರಿಂದ ಹತ್ತುತ್ತಿದೆ ಎಂದು ನಾನು ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಅಂದಿನಿಂದ ಪ್ರತಿ ಪುಟಕ್ಕೂ ವಿಭೂತಿ. ಹೂವೆಲ್ಲ ಬೂದುಬಣ್ಣ, ಹಾಸಿಗೆಯೆಲ್ಲ ಬೂದಿ. ಒರೆಸುವವಳು ನಾನು ಇದ್ದೆನಲ್ಲ.

ಆಮೇಲೆ ಹಾಳೆ ಪರೀಕ್ಷೆ ಮಾಡದೆ ಕೊಡಬಾರದೆಂದು ತೀರ್ಮಾನಿಸಿದೆ. ನಾಲ್ಕು ತರಹದ ಪುಸ್ತಕ ತಂದೆ. ಪ್ರತಿಯೊಂದರ ಕೊನೆಯ ಪುಟ ನನ್ನದು. ಅಲ್ಲಿ ಬಣ್ಣದ ಪೆನ್ಸಿಲು, ಮೇಣದ ಬಣ್ಣ, ಸ್ಕೆಚ್ ಪೆನ್ನು, ಜೆಲ್ ಪೆನ್ನು ಎಳೆಯುತ್ತಿದ್ದೆ. ಕುಂಚದಲ್ಲಿ ನೀರುಬಣ್ಣ ಹಚ್ಚಿ ಒಣಗಲು ಬಿಟ್ಟು ಬೆಳಿಗ್ಗೆ ಹಿಂಬದಿ ತಿರುಗಿಸಿ ನೋಡುತ್ತಿದ್ದೆ. ಒಂದರಲ್ಲಿ ನೀರು ತಾಗುತ್ತಲೇ ಹಾಳೆ ಹಪ್ಪಳವಾಯಿತು. ಒಂದರಲ್ಲಿ ಸ್ಕೆಚ್ ಪೆನ್ನು ಬೆನ್ನಿಗಿಳಿಯಿತು. ದಪ್ಪ ಹಾಳೆಯದೊಂದು ಎಲ್ಲವನ್ನೂ ತಡೆಯಿತು. ಚೀಲಕ್ಕೆ ಬರೆಯುವ ಗಿರಣಿಯ ಕಪ್ಪು ಮಾರ್ಕರ್ ಮಾತ್ರ ಅದನ್ನೂ ದಾಟಿ ಆ ಕಡೆ ಮೂಡಿತು. ಅಷ್ಟು ವರ್ಷಗಳ ಮೇಲೆ ಕೈಗೆ ಬಣ್ಣ ಹತ್ತಿತ್ತು. ಪರೀಕ್ಷೆ ಎಂಬ ಹೆಸರಿತ್ತಾದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಅವರ ಪರೀಕ್ಷೆಯೇ ಬೇರೆ. ಅಕ್ಕಿಯ ಮಾದರಿ ನೋಡುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಹಾಳೆಯ ಅಂಚು ತಿಕ್ಕಿ, "ಇದರಾಗ ನುಚ್ಚು ಭಾಳ ಅದ" ಎಂದು ಮೂರನ್ನು ತೆಗೆದುಹಾಕಿದರು. ದಪ್ಪ ಹಾಳೆಯದನ್ನು ಇಟ್ಟುಕೊಂಡರು. ಆ ಬೆರಳುಗಳಿಗೆ ಸುಳ್ಳು ಗೊತ್ತಿರಲಿಲ್ಲ, ಬಾಯಿಗಷ್ಟೇ ಗೊತ್ತಿತ್ತು.

ಅದರಲ್ಲೊಂದು ನವಿಲಿತ್ತು, ಕಾಲು ಸಮೇತ. ಹದಿನೈದು ದಿನ ಕೂತು ತುಂಬಿದರು. ಮೊದಮೊದಲು ಗೆರೆ ದಾಟುತ್ತಿದ್ದ ಕೈ ಕೊನೆಗೆ ಗರಿಯ ಕಣ್ಣುಗಳೊಳಗೆ ಸರಿಯಾಗಿ ಹಸಿರು ಇಟ್ಟಿತು. ಸುಳ್ಳೇಕೆ, ನನಗೆ ಸಂತೋಷವೇ ಆಯಿತು.

ಆ ವಾರ ದೇವದುರ್ಗದಿಂದ ನಾದಿನಿ ಬಂದಳು. "ಅಯ್ ಅಣ್ಣಾ, ನಮ್ಮ ಚೀಲದ ನವಿಲಿನಂಗs ಅದಲ್ಲೋ!" ಎಂದಳು.

"ಅದನ್ನ ಬರದ ಕೈ ಯವ್ವಾ ಇದು. ಮರತಿಯೇನು?" ಎಂದರು.

"ಅದಕ್ಕ್ಯಾಕ ಕಾಲಿಲ್ಲ ಮತ್ತ?"

"ಕಾಲಿಗೆ ತೆನಿ ಇಟ್ಟೀನಿ. ಅನ್ನ ಕೊಡೋ ತೆನಿ ಮುಂದ ಇರಬೇಕು, ಕಾಲು ಕಾಣಬಾರದು. ಭಾಳ ವಿಚಾರ ಮಾಡಿ ಬರದದ್ದು ಅದು."

"ನೋಡ್ರಿ ವೈನಿ, ನಮ್ಮಣ್ಣನ ತಲಿ!" ಎಂದು ನಾದಿನಿ ನನ್ನ ಕಡೆ ತಿರುಗಿದಳು. ಅಂದೂ ನನ್ನ ಕೈಯಲ್ಲಿ ಚಹಾದ ತಟ್ಟೆಯೇ ಇತ್ತು. ನಾನು ಬರೆಯಲಾರದ್ದನ್ನೂ ಅವರು ತಮ್ಮದು ಮಾಡಿಕೊಂಡಿದ್ದರು. ಮುಖಕ್ಕೆ ಚಹಾ ಎರಚಬೇಕೆನಿಸಿತು. ಬಗ್ಗಿ ಕೊಟ್ಟೆ.

ಮರುದಿನ ನಾದಿನಿ ಊರಿಗೆ ಹೋದಳು. ಮಧ್ಯಾಹ್ನ ಉಂಡು ಅವರು ಮಲಗಿದಾಗ ಅವರ ನವಿಲಿನ ಹಾಳೆಯ ಹಿಂಬದಿ ತೆರೆದು ಗಿರಣಿಯ ಮಾರ್ಕರ್ ಹಿಡಿದೆ. ಚೀಲದ ನವಿಲು ಬಲಕ್ಕೆ ನೋಡುತ್ತದೆ. ಆ ಕಡೆ ಬಲಕ್ಕೆ ಮೂಡಬೇಕೆಂದರೆ ಈ ಕಡೆ ಎಡಕ್ಕೆ ಬರೆಯಬೇಕು. ಎಡಕ್ಕೇ ಬರೆದೆ, ಒಂದು ಸಲವೂ ಕೈ ಎತ್ತಿ ಯೋಚಿಸಲಿಲ್ಲ. ತಿರುಗಿಸಿ ನೋಡಿದರೆ ಅವರ ಬಣ್ಣದ ಮೇಲೆ ನನ್ನ ಕಪ್ಪು ನವಿಲು, ಕಾಲಿಗೆ ತೆನೆ.

ಸಂಜೆ ಪುಸ್ತಕ ತೆರೆದರು. ತುಂಬ ಹೊತ್ತು ನೋಡಿದರು. ಹೆಬ್ಬೆರಳಿನಿಂದ ತೆನೆಯನ್ನು ತಿಕ್ಕಿದರು. ಹಾಳೆ ಮಗುಚಿ ಹಿಂಬದಿ ನೋಡಿದರು. ನಾನು ಎದುರಿಗೇ ಕುಳಿತಿದ್ದೆ, ಮಾರ್ಕರಿನ ಮಸಿ ಬೆರಳಿಗಿನ್ನೂ ಇತ್ತು. ಆ ಬೆರಳನ್ನೂ ನೋಡಿದರು. ಈಗ ಹೇಳುತ್ತಾರೆ ಅಂದುಕೊಂಡೆ.

"ಈ ಹಾಳಿ ಚಲೋ ಇಲ್ಲ" ಎಂದರು. "ಮಸಿ ಇಳಿತದ. ರಾಯಚೂರಿಗೆ ಹೋದ್ರ ಬ್ಯಾರೆ ತಗೊಂಡು ಬಾ."

ಹಾಳೆ ಚೆನ್ನಾಗಿಯೇ ಇತ್ತು. ನಾನೇ ಪರೀಕ್ಷೆ ಮಾಡಿ ತಂದದ್ದು.