ವಿನೋದಾ ಟೀಚರ್ ಮತ್ತು ಟಕಟಕ ಪದ

ಬಂಟ್ವಾಳ ಪೇಟೆಯಲ್ಲಿ ಟೈಪಿಂಗ್ ಕಲಿತವರನ್ನು ಗುರುತಿಸುವುದು ಬಹಳ ಸುಲಭ. ಮೇಜಿನ ಮೇಲೆ ಅಡಿಕೋಲಿನಿಂದ ಒಂದು ಪೆಟ್ಟು ಹಾಕಿದರೆ ಸಾಕು, ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅಷ್ಟರಮಟ್ಟಿಗೆ ಅವರು ವಿನೋದಾ ಟೀಚರಿಗೆ ಹೆದರಿ ಕಲಿತವರು. ಸಿದ್ದಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬಂದು, ಪೇಟೆಯ ಹಳೆ ಕಟ್ಟಡದ ಮಾಳಿಗೆಯಲ್ಲಿ ಹನ್ನೊಂದು ಟೈಪ್‌ರೈಟರುಗಳ ನಡುವೆ ನಿಂತು, ಟೀಚರು ಅಡಿಕೋಲಿನಿಂದ ತಾಳ ಹಾಕುತ್ತಿದ್ದರು. ತಾಳ ತಪ್ಪಿದವರ ಗತಿ ಕೇಳಬೇಡಿ. ಮದುವೆ ಯಾಕಾಗಲಿಲ್ಲ ಎಂದು ಅವರನ್ನು ಕೇಳುವ ಧೈರ್ಯ ಊರಲ್ಲಿ ಇಬ್ಬರಿಗಿತ್ತು. ಆ ಇಬ್ಬರ ಹತ್ತಿರ ಅವರು ಈಗಲೂ ಮಾತಾಡುವುದಿಲ್ಲ.

1996ರಲ್ಲಿ ನರಿಕೊಂಬಿನ ಫಾಹಿಮಾ ಎಂಬ ಹುಡುಗಿ ಟೈಪಿಂಗಿಗೆ ಸೇರಿದಳು. ಮದುವೆಯಾಗಿ ವರ್ಷ ಒಂದೂವರೆ ಆಗಿತ್ತು. ಗಂಡ ಶರೀಫ್ ಗಲ್ಫಿನ ದಮ್ಮಾಮಿನಲ್ಲಿ ಒಂದು ಕಂಪೆನಿಯ ಗೋದಾಮು ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಅತ್ತೆ ಜೈನಬಮ್ಮ ಮತ್ತು ಇವಳು, ಇಬ್ಬರೇ. ಫಾಹಿಮಾಳಿಗೆ ಏಳನೇ ನಂಬರಿನ ಮಿಷನ್ ಸಿಕ್ಕಿತು. ಅವಳು ಹೊಡೆದ ಹಾಳೆಯ ತುಂಬ ತಪ್ಪು, ಆದರೆ ಹೊಡೆಯುವ ಶಬ್ದದಲ್ಲಿ ಒಂದೇ ಒಂದು ತಪ್ಪಿಲ್ಲ. ಟೀಚರಿಗೆ ಇದು ವಿಚಿತ್ರ ಕಂಡಿತು.

"ಅಕ್ಷರ ನೋಡ್ತೀಯಾ, ಶಬ್ದ ಕೇಳ್ತೀಯಾ?" ಎಂದು ಗದರಿದರು.

"ಶಬ್ದ, ಟೀಚರ್," ಎಂದಳು ಫಾಹಿಮಾ, ಸ್ವಲ್ಪವೂ ಹೆದರದೆ. "ಈ ಮಿಷನ್ನಿನಲ್ಲಿ ಸಾಲು ಮುಗಿಯುವಾಗ ಗಂಟೆ ಹೊಡೀತದಲ್ಲ, ಅದೇ ಶಬ್ದ ನಮ್ಮ ಮನೆಯ ಸಂಗೀತದ ಕೀಬೋರ್ಡಿನಲ್ಲಿ ಉಂಟು. ಎಡದಿಂದ ಇಪ್ಪತ್ತೆರಡನೇ ಬಿಳಿ ಕೀ. ನಾನು ಹುಡುಕಿ ನೋಡಿದ್ದೇನೆ."

ಟೀಚರು ಅಡಿಕೋಲು ಕೆಳಗಿಟ್ಟರು. ಚಿಕ್ಕಂದಿನಲ್ಲಿ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸಿದ ಕೈ ಅದು. ಮುಂದಿನ ಗುರುವಾರ ಮಧ್ಯಾಹ್ನ ಅವರು ನರಿಕೊಂಬಿನ ಮನೆಯ ಜಗಲಿಯಲ್ಲಿ ಕೂತಿದ್ದರು.

ಶರೀಫ್ ರಜೆಯಲ್ಲಿ ಬರುವಾಗ ತಂದ ಕೀಬೋರ್ಡು ಕಪಾಟಿನ ಮೇಲೆ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ನೆಂಟರು ಬಂದಾಗ ತೋರಿಸುವ ಸಾಮಾನು, ಅಷ್ಟೆ. ಬಟ್ಟೆ ತೆಗೆದ ಮೇಲೆ ಅದಕ್ಕೆ ಪುರುಸೊತ್ತು ಸಿಗಲಿಲ್ಲ. ಗುರುವಾರ ಗುರುವಾರ ಫಾಹಿಮಾ ತಾಳ ಕಟ್ಟುವುದು, ಟೀಚರು ಅದರ ಮೇಲೆ ರಾಗ ಹಿಡಿಯುವುದು. ಇಬ್ಬರಿಗೂ ಜಗಳ ಆಗದ ದಿನ ಇರಲಿಲ್ಲ. ಕೊನೆಗೆ ಟೀಚರು ಏಳನೇ ಮಿಷನ್ನನ್ನೇ ಆಟೋದಲ್ಲಿ ಹಾಕಿ ತಂದರು. ಫಾಹಿಮಾ ಅದರ ಮೇಲೆ ಟಕಟಕ ಹೊಡೆಯಬೇಕು, ಗಂಟೆ ಬಿದ್ದ ಕೂಡಲೇ ಟೀಚರ ಕೈಯಲ್ಲಿ ಕೀಬೋರ್ಡು ಕೂಗಬೇಕು. ಪಕ್ಕದಲ್ಲಿ ಟೂ ಇನ್ ಒನ್ ಇಟ್ಟು ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿದರು. ಹೀಗೆ ನಾಲ್ಕು ಪದಗಳಾದವು; ಹಾಡಿಗೆ ನಮ್ಮ ಕಡೆ ಪದ ಎನ್ನುವುದು. ಒಂದರಲ್ಲೂ ಮಾತಿಲ್ಲ.

"ಹೇಳಲಿಕ್ಕೆ ಏನೂ ಇಲ್ಲದಿದ್ರೆ ಸುಮ್ಮನೆ ಇರಬಾರದಾ?" ಎಂದು ಜೈನಬಮ್ಮ ಚಾ ತಂದಿಡುತ್ತಾ ಕೇಳುತ್ತಿದ್ದರು. ಆದರೂ ಬಾಗಿಲ ಮರೆಯಲ್ಲಿ ನಿಂತು ಕೊನೆಯವರೆಗೆ ಕೇಳಿಯೇ ಒಳಗೆ ಹೋಗುತ್ತಿದ್ದರು.

ಮಾಡಿದ ಪದವನ್ನು ಯಾರಾದರೂ ಕೇಳಬೇಕಲ್ಲ? ಟೀಚರು ಒಂದು ಪ್ರತಿಯನ್ನು ಬಸ್ಸಿನ ಡ್ರೈವರ್ ಸುಬ್ಬಯ್ಯನ ಕೈಗೆ ಕೊಟ್ಟರು. ಸುಬ್ಬಯ್ಯನ ಬಸ್ಸು ಬಂಟ್ವಾಳ ಬಿಟ್ಟರೆ ಸಿದ್ದಕಟ್ಟೆ ಮೇಲೆ ಮೂಡುಬಿದಿರೆ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿ, ಪುಂಜಾಲಕಟ್ಟೆಯಾಗಿ ಮತ್ತೆ ಬಂಟ್ವಾಳ. ಮೂರು ತಾಲೂಕಿನ ಸುದ್ದಿ ಆ ಬಸ್ಸಿನಲ್ಲಿ ಮೂರು ಗಂಟೆಯಲ್ಲಿ ಸುತ್ತು ಹಾಕುತ್ತಿತ್ತು. ಪದವೂ ಸುತ್ತು ಹಾಕಿತು. ಹದಿನೈದು ದಿನದಲ್ಲಿ ಕಾಲೇಜು ಮಕ್ಕಳು ಎದುರಿನ ಸೀಟಿನ ಬೆನ್ನಿಗೆ ಟಕಟಕ ಹೊಡೆಯತೊಡಗಿದರು. ಗಂಟೆ ಬೀಳುವ ಜಾಗಕ್ಕೆ ಕಂಡಕ್ಟರ್ ಸರಿಯಾಗಿ ಸೀಟಿ ಊದುತ್ತಿದ್ದ. ಟೀಚರು ಮೂರನೇ ಸೀಟಿನಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು. ಆ ಪೇಪರಿನ ಹಿಂದೆ ಅವರು ನಗುತ್ತಿದ್ದರು ಎಂದು ಹೇಳಿದರೆ ಅವರ ಶಿಷ್ಯರು ಯಾರೂ ನಂಬುವುದಿಲ್ಲ.

ಪದ ಬೇಕೆಂದವರು ಖಾಲಿ ಕ್ಯಾಸೆಟ್ ತಂದು ಸುಬ್ಬಯ್ಯನ ಹತ್ತಿರ ಕೊಟ್ಟರಾಯಿತು, ಮುಂದಿನ ವಾರ ತುಂಬಿ ವಾಪಸು ಬರುತ್ತಿತ್ತು. ಒಂದೊಂದರ ಮೇಲೂ ಟೀಚರು ಚೀಟಿ ಟೈಪ್ ಮಾಡಿ ಅಂಟಿಸುತ್ತಿದ್ದರು: ವಿನೋದಾ–ಫಾಹಿಮಾ, ಬಂಟ್ವಾಳ. ಆದರೆ ಪ್ರತಿಯ ಪ್ರತಿಯ ಪ್ರತಿ ಮಾಡಿಕೊಳ್ಳುವವರು ಚೀಟಿ ಎಲ್ಲಿ ಅಂಟಿಸುತ್ತಾರೆ?

1998ರ ಮಳೆಗಾಲದ ಆರಂಭದಲ್ಲಿ ಅದು ಗೊತ್ತಾಯಿತು. ಅವರದೇ ತರಗತಿಯ ಶಿಷ್ಯನೊಬ್ಬ ಪುಟ್ಟ ಟೇಪ್ ತಂದು, "ಟೀಚರ್, ಈ ತಾಳಕ್ಕೆ ಟೈಪ್ ಮಾಡಿದ್ರೆ ಸ್ಪೀಡ್ ಬರ್ತದೆ, ಕೇಳಿ. ದುಬಾಯಿಯ ಪದ!" ಎಂದ. ಟೇಪಿನಿಂದ ಬಂದದ್ದು ಏಳನೇ ಮಿಷನ್ನಿನ ಟಕಟಕ.

"ದುಬಾಯಿಯದ್ದಾ?"

"ಹೌದು ಟೀಚರ್. ಇಲ್ಲಿಯವರಿಗೆ ಇದೆಲ್ಲ ಮಾಡಲಿಕ್ಕೆ ಬರ್ತದಾ?"

ಟೀಚರು ಅವತ್ತು ತರಗತಿಯನ್ನು ಅರ್ಧಕ್ಕೆ ಬಿಟ್ಟರು. ಹದಿನಾಲ್ಕು ವರ್ಷ ಅವರು ಬೇರೆಯವರ ಅರ್ಜಿ, ಬೇರೆಯವರ ಕರಾರುಪತ್ರ, ಬೇರೆಯವರ ವರ್ಗಾವಣೆಯ ಮನವಿ ಟೈಪ್ ಮಾಡಿದ್ದರು. ಅಕ್ಷರ ಇವರದು, ಕೆಳಗೆ ರುಜು ಯಾವತ್ತೂ ಇನ್ನೊಬ್ಬರದು. ಆಯುಷ್ಯದಲ್ಲಿ ಒಂದೇ ಒಂದು ವಸ್ತುವನ್ನು ತನ್ನದು ಎಂದು ಮಾಡಿದರೆ ಅದೂ ದುಬಾಯಿಗೆ ಹೋಯಿತು. ಅವರಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು.

"ಸೀದಾ ಮೂಲ ಕ್ಯಾಸೆಟ್ಟಿನಿಂದ ಒಳ್ಳೆ ಪ್ರತಿ ತೆಗೆಯುವ," ಎಂದರು ಫಾಹಿಮಾಳಿಗೆ. "ಬೆಳ್ತಂಗಡಿಯ ಪ್ರೆಸ್ಸಿನಲ್ಲಿ ಹೆಸರು ಪ್ರಿಂಟ್ ಮಾಡಿಸುವ. ದೊಡ್ಡ ಅಕ್ಷರದಲ್ಲಿ. ನಮ್ಮ ಹೆಸರು ಇಲ್ಲದೆ ಆ ಪದ ಇನ್ನು ಒಂದು ಹೆಜ್ಜೆ ಹೋಗಬಾರದು."

ಇದು ಸೋಮವಾರದ ಮಾತು. ಆದರೆ ಪದ ಅಷ್ಟರಲ್ಲಿ ಸಮುದ್ರ ದಾಟಲು ಹೊರಟಿತ್ತು.

ಆಗಿನ ಕಾಲದಲ್ಲಿ ಗಲ್ಫಿನಲ್ಲಿದ್ದವರಿಗೆ ಮನೆಯವರು ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದರು. ಊರಿಂದ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಪಕ್ಕ ಅದಕ್ಕೊಂದು ಜಾಗ ಇದ್ದೇ ಇರುತ್ತಿತ್ತು. ಜೈನಬಮ್ಮನ ಮಾತಿಗೆ ಒಂದು ಕ್ರಮ ಇತ್ತು. ಮೊದಲು ಯಾರು ಮಾತಾಡುವುದು, ಆಮೇಲೆ ಹತ್ತಿರ ಯಾರ್ಯಾರು ಕೂತಿದ್ದಾರೆ, ಯಾರು ಎಲ್ಲಿಗೆ ಹೋಗಿದ್ದಾರೆ, ಆಮೇಲೆ ಎಲ್ಲರ ಕ್ಷೇಮ. ಅಷ್ಟಾದ ಮೇಲೇ ಗಂಟುನೋವು, ಹಲಸಿನಕಾಯಿ ಇತ್ಯಾದಿ.

ಆ ವಾರ ಮೂರು ದಿನ ಕರೆಂಟಿರಲಿಲ್ಲ. ನೆರೆಮನೆಯ ಅಬೂಬಕ್ಕರ್ ದಮ್ಮಾಮಿಗೆ ಹೊರಟಿದ್ದ. ಟೂ ಇನ್ ಒನ್ನಿಗೆ ಆರು ದೊಡ್ಡ ಸೆಲ್ಲು ಬೇಕು. ಜೈನಬಮ್ಮ ಮನೆಯೆಲ್ಲ ಹುಡುಕಿ, ಕೊನೆಗೆ ಕಪಾಟಿನ ಮೇಲಿದ್ದ ಕೀಬೋರ್ಡಿನ ಹೊಟ್ಟೆಯಿಂದ ಆರನ್ನೂ ತೆಗೆದರು. ಪದಗಳ ರಾಗವನ್ನು ಟೀಚರು ಕೀಬೋರ್ಡಿನ ನೆನಪಿನಲ್ಲೂ ಇಟ್ಟಿದ್ದರು, ಕರೆಂಟಿಲ್ಲದಾಗ ಆ ನೆನಪು ನಿಲ್ಲುವುದೇ ಆ ಸೆಲ್ಲಿನ ಮೇಲೆ. ತೆಗೆದ ಕೂಡಲೇ ನಾಲ್ಕೂ ಪದಗಳು ಅದರಿಂದ ಅಳಿಸಿಹೋದವು. ಟೂ ಇನ್ ಒನ್ನಿನಲ್ಲಿ ಹೇಗೂ ಒಂದು ಕ್ಯಾಸೆಟ್ ಇತ್ತು. ಅದೇ ಮೂಲ ಕ್ಯಾಸೆಟ್. ಅದಕ್ಕೆ ಜೈನಬಮ್ಮ ಇಪ್ಪತ್ತು ನಿಮಿಷ ಮಾತಾಡಿ, ಮಗನಿಗೆ ಸಲಾಂ ಹೇಳಿ, ಅಬೂಬಕ್ಕರನ ಕೈಯಲ್ಲಿ ಕೊಟ್ಟು ಕಳಿಸಿದರು.

ಗುರುವಾರ ಬಂದ ಟೀಚರಿಗೆ ಸಿಟ್ಟು ನೆತ್ತಿಗೇರಿತು. "ಕಂಡದ್ದರ ಮೇಲೆಲ್ಲ ಮಾತಾಡೋದಾ? ಎರಡು ಸಾಲು ಬರೆದು ಕಳಿಸಿದ್ರೆ ಆಗ್ತಿರಲಿಲ್ವಾ?" ಎಂದು ಕೂಗಿದರು.

ಜೈನಬಮ್ಮ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು. "ನನಗೆ ಬರೆಯಲಿಕ್ಕೆ ಬರುವುದಿಲ್ಲ ಟೀಚರ್," ಎಂದರು. "ನನ್ನ ಕಾಗದ ಅದೇ."

ಟೀಚರಿಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದಾ ಎನ್ನಿಸಿತು. ಅಕ್ಷರ ಕಲಿಸುವುದೇ ತನ್ನ ಕಸುಬು, ಆ ಮನೆಯಲ್ಲಿ ಎರಡು ವರ್ಷ ಚಾ ಕುಡಿದರೂ ಇಷ್ಟು ಗೊತ್ತಾಗಲಿಲ್ಲವಲ್ಲ! ಕ್ಷಮೆ ಕೇಳುವುದು ಅವರಿಗೆ ಅಭ್ಯಾಸವಿಲ್ಲ. ಹೇಗೋ ಕೇಳಿದರು.

ಸುಬ್ಬಯ್ಯನ ಕ್ಯಾಸೆಟ್ಟನ್ನು ನೋಡಿದರು. ಎರಡು ವರ್ಷ ದಿನಕ್ಕೆ ಮೂರು ಸಲ ಓಡಿದ ಅದರಲ್ಲಿ ಈಗ ಪದಕ್ಕಿಂತ ಕರಕರ ಜಾಸ್ತಿ ಇತ್ತು. "ನನಗೆ ಇಷ್ಟೇ ಸಾಕು ಟೀಚರ್," ಎಂದ ಸುಬ್ಬಯ್ಯ. "ನಿಮಗೆ ಇದು ಸಾಲದು."

ಮತ್ತೆ ನುಡಿಸಿದರೆ ಅದೇ ಪದ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಲೆಕ್ಕ ಹಾಕಿದವಳು ಫಾಹಿಮಾ. "ಮಾಮಿ ಮಾತಾಡಿದ್ದು ಇಪ್ಪತ್ತು ನಿಮಿಷ. ಟಕಟಕ ಪದ ಇರುವುದು ಅದರಿಂದ ಆಚೆ. ಮೂರು ಹೋಗಿರಬಹುದು, ಅದೊಂದು ಉಂಟು ಟೀಚರ್. ಆದರೆ ಅಲ್ಲಿಯವರು ಉತ್ತರ ತುಂಬುವುದು ಅದೇ ಕ್ಯಾಸೆಟ್ಟಿಗೆ, ಇದ್ದದ್ದರ ಮೇಲೆಯೇ."

ಕಾಗದ ಹಾಕಿದರೆ ತಲುಪಲು ಹನ್ನೆರಡು ದಿನ. ಅಷ್ಟರಲ್ಲಿ ಶರೀಫನ ಉತ್ತರ ಪದವನ್ನು ಒರೆಸಿ ಹಾಕಿರುತ್ತದೆ. ಮರುದಿನ ಶುಕ್ರವಾರ, ದಮ್ಮಾಮಿನಲ್ಲಿ ರಜೆ. ಟೀಚರು ಫಾಹಿಮಾಳ ಜೊತೆ ಎಸ್‌ಟಿಡಿ ಬೂತಿಗೆ ಹೋಗಿ ಕೂತರು. ಲೈನ್ ಸಿಗಲಿಲ್ಲ. ಮತ್ತೆ ಹೊಡೆದರು. ಸಿಗಲಿಲ್ಲ. ಬೂತಿನವನು ಬಾಗಿಲು ಹಾಕುತ್ತೇನೆ ಅಂದ. "ಹಾಕಿ, ನಾವು ಒಳಗೇ ಇರ್ತೇವೆ," ಎಂದರು ಟೀಚರು. ಇಪ್ಪತ್ತಮೂರನೇ ಸಲ ಹೊಡೆದಾಗ ಆಚೆ ಕಡೆ ಶರೀಫನ ಸ್ವರ ಕೇಳಿತು.

"ನಾನು ಫಾಹಿಮಾಳ ಟೀಚರ್. ಕ್ಯಾಸೆಟ್ ಒರೆಸಿದ್ರಾ?"

ಮುಖ ನೋಡದ ಮನುಷ್ಯನಿಗೆ ಅವರು ಹೇಳಿದ ಮೊದಲ ಮಾತು ಅದು.

"ಉಮ್ಮನ ಕ್ಯಾಸೆಟ್ಟಾ?" ಎಂದ ಶರೀಫ್. "ಉಮ್ಮನ ಕ್ಯಾಸೆಟ್ ನಾನು ಒಂದನ್ನೂ ಒರೆಸುವುದಿಲ್ಲ ಟೀಚರ್. ಬೇರೆಯದರಲ್ಲಿ ಮಾತು ತುಂಬಿ ಕಳಿಸ್ತೇನೆ. ಇವರದ್ದು ಒಂಬತ್ತೂ ಇಲ್ಲಿ ನನ್ನ ತಲೆದಿಂಬಿನ ಹತ್ತಿರ ಉಂಟು."

ಟೀಚರು ಗೋಡೆಗೆ ಒರಗಿದರು.

"ಮತ್ತೆ ಆ ಪದ!" ಎಂದ ಶರೀಫ್. "ಉಮ್ಮ ಮಾತು ಮುಗಿಸಿದ ಕೂಡಲೇ ಟಕಟಕ ಶುರುವಾಯ್ತು. ರೂಮಿನವರೆಲ್ಲ ಎದ್ದು ಕೂತರು, ಯಾರದ್ದು, ಯಾರದ್ದು ಅಂತ. ನಾನು ಹೇಳಿದೆ, ವಿನೋದಾ ಟೀಚರದ್ದು ಮತ್ತೆ ನನ್ನ ಮನೆಯವಳದ್ದು ಅಂತ."

"ನಿಮಗೆ ಹೇಗೆ ಗೊತ್ತು?"

"ಉಮ್ಮ ಹೇಳಿದ್ದಾರಲ್ಲ, ಕ್ಯಾಸೆಟ್ಟಿನಲ್ಲಿ."

ಕ್ಯಾಸೆಟ್ಟನ್ನು ಕೊಡಲು ಶರೀಫನಿಗೆ ಮನಸ್ಸಾಗಲಿಲ್ಲ. ಒಳ್ಳೆಯ ಟೇಪಿನಲ್ಲಿ ಅದರ ಪ್ರತಿ ತೆಗೆದು, ಊರಿಗೆ ಬರುವವರ ಕೈಯಲ್ಲಿ ಕಳಿಸಿದ. ಮೂರು ವಾರದ ಮೇಲೆ ಮೂವರೂ ಜಗಲಿಯಲ್ಲಿ ಕೂತು ಕೇಳಿದರು. ಮೊದಲಿಗೆ ಬಂದದ್ದು ಜೈನಬಮ್ಮನ ಸ್ವರ. ಅವರ ಬ್ಯಾರಿ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನರಿಕೊಂಬಿನಿಂದ ನಿನ್ನ ಉಮ್ಮ ಮಾತಾಡುವುದು. ಹತ್ತಿರ ಯಾರೂ ಇಲ್ಲ. ಫಾಹಿಮಾ ಪೇಟೆಗೆ, ವಿನೋದಾ ಟೀಚರ ಹತ್ತಿರ ಹೋಗಿದ್ದಾಳೆ. ಇಬ್ಬರೂ ಸೇರಿ ಪದ ಮಾಡುತ್ತಾರೆ, ಚಂದ ಉಂಟು, ಮಾತು ಮಾತ್ರ ಇಲ್ಲ. ನಾವೆಲ್ಲ ಕ್ಷೇಮ."

ತನ್ನ ಸ್ವರ ಕೇಳಿ ಜೈನಬಮ್ಮನಿಗೆ ನಾಚಿಕೆಯಾಯಿತು. ಟೀಚರು ಮಾತ್ರ ಕೈ ಎತ್ತಿ ಟೇಪ್ ನಿಲ್ಲಿಸಿದರು.

"ಚೀಟಿ ಬಿದ್ದುಹೋಗ್ತದೆ ಫಾಹಿಮಾ. ಪ್ರೆಸ್ಸಿನದ್ದೂ ಬಿದ್ದುಹೋಗ್ತದೆ," ಎಂದರು. "ಇದು ಬೀಳುವುದಿಲ್ಲ."

ಆ ಗುರುವಾರ ಜೈನಬಮ್ಮ ಟೇಪಿನಲ್ಲಿ ಪದ ಶುರುವಾಗುವ ಮೊದಲು ಮಾತಾಡಿದರು. ಮೊದಲ ಸಲ ಗಂಟುನೋವಿನವರೆಗೆ ಹೋಯಿತು. ಎರಡನೇ ಸಲ ಹಲಸಿನಕಾಯಿ. ಐದನೇ ಸಲಕ್ಕೆ ಸರಿಯಾಯಿತು. ಟೀಚರು ಅವರ ಮಾತಿನ ಕೊನೆಗೆ ಏಳನೇ ಮಿಷನ್ನಿನ ಗಂಟೆ ಜೋಡಿಸಿದರು. ಹೊಸ ಪ್ರತಿ ಸುಬ್ಬಯ್ಯನ ಬಸ್ಸು ಹತ್ತಿತು. ಬೇರೆ ಯಾವ ಪದ ಮಾಡಿದರೂ ಮೊದಲಿಗೆ ಜೈನಬಮ್ಮ ಮಾತಾಡಲೇಬೇಕು ಎಂದು ಅವತ್ತೇ ತೀರ್ಮಾನವಾಯಿತು. ಮುಂದಿನ ಆರು ವರ್ಷದಲ್ಲಿ ಹನ್ನೊಂದು ಪದಕ್ಕೆ ಅವರು ಮಾತಾಡಿದರು.

ಮಾಳಿಗೆಗೆ ಕಂಪ್ಯೂಟರು ಬಂತು, ಹತ್ತು ಟೈಪ್‌ರೈಟರುಗಳು ಗುಜರಿಗೆ ಹೋದವು. ಏಳನೆಯದು ನರಿಕೊಂಬಿನಲ್ಲೇ ಉಳಿಯಿತು. ಟೀಚರು ನಲುವತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಪದ ಕಟ್ಟಲು ಕಲಿತರು. ಬಸ್ಸಿನ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಯಿತು. 2004ರ ರಂಜಾನಿನಲ್ಲಿ ಜೈನಬಮ್ಮ ತೀರಿಕೊಂಡರು. ಟೀಚರು ಒಂದು ವರ್ಷ ಕೀಬೋರ್ಡು ಮುಟ್ಟಲಿಲ್ಲ.

2007ರಲ್ಲಿ ಒಂದು ದಿನ ಮಾಣಿ ಪೇಟೆಯಲ್ಲಿ ಬಸ್ಸು ಕಾಯುವಾಗ, ಮೊಬೈಲಿಗೆ ಪದ ತುಂಬಿಸಿಕೊಳ್ಳಲು ಅವರು ಎದುರಿನ ಅಂಗಡಿಗೆ ಹೋದರು. ಅಂಗಡಿಯ ಇಹ್ಸಾನ್ ಕಂಪ್ಯೂಟರಿನಲ್ಲಿ ಸಾಲು ಸಾಲು ಹೆಸರು ತೋರಿಸಿದ. ಒಂದು ಸಾಲಿನಲ್ಲಿ ಹೆಸರೇ ಇರಲಿಲ್ಲ, ಬರೀ ನಂಬರು.

"ಇದು ಹಾಕ್ಲಾ ಮೇಡಂ? ಎಲ್ಲರೂ ಕೇಳ್ತಾರೆ. ಎಲ್ಲಿಂದ ಬಂತು ಗೊತ್ತಿಲ್ಲ."

ಅವನು ಒತ್ತಿದ. ಸ್ಪೀಕರಿನಲ್ಲಿ ಜೈನಬಮ್ಮನ ಸ್ವರ ಬಂತು: "ನರಿಕೊಂಬಿನಿಂದ ಜೈನಬಮ್ಮ ಮಾತಾಡುವುದು. ಹತ್ತಿರ ವಿನೋದಾ ಟೀಚರ್ ಇದ್ದಾರೆ, ಫಾಹಿಮಾ ಇದ್ದಾಳೆ. ಪದ ಇವರಿಬ್ಬರದ್ದು. ನಾವೆಲ್ಲ ಕ್ಷೇಮ." ಆಮೇಲೆ ಗಂಟೆ.

"ಯಾರೋ ಈ ವಿನೋದಾ ಟೀಚರ್," ಎಂದ ಇಹ್ಸಾನ್, ಬೆರಳಿನಲ್ಲಿ ಮೇಜಿನ ಮೇಲೆ ಟಕಟಕ ಹೊಡೆಯುತ್ತಾ.

"ನಾನೇ," ಎಂದರು ಟೀಚರು.

ಇಹ್ಸಾನ್ ಕೈ ನಿಲ್ಲಿಸಿ ನೋಡಿದ. "ಹೌದಾ ಮಾರಾಯ್ರೇ! ಮತ್ತೆ ಫಾಹಿಮಾ?"

"ನರಿಕೊಂಬಿನಲ್ಲಿ ಇದ್ದಾಳೆ. ನಾಳೆ ಗುರುವಾರ ಅಲ್ವಾ, ನಾನು ಹೋಗ್ತೇನೆ."

"ಜೈನಬಮ್ಮ ಹೇಗಿದ್ದಾರೆ?"

 ಟೀಚರು ಸ್ಪೀಕರಿನ ಕಡೆ ಕೈ ತೋರಿಸಿದರು.

"ಇನ್ನೊಮ್ಮೆ ಹಾಕು," ಎಂದರು. "ಅವರೇ ಹೇಳ್ತಾರೆ."