ಬಾಯಲ್ಲಿ ಪಿನ್ನು ಕಚ್ಚಿದ ಪದ್ಮಕ್ಕ

ನಮ್ಮ ಗಿರಿಜಾನ ಫೋಟೋ ವಾರಪತ್ರಿಕೆಯ ಮುಖಪುಟದ ಮೇಲೆ ಬಂದಿದೆ! ಅದೂ ಬಣ್ಣದ್ದು! ಮೊರಬದ ಬಸ್‌ಸ್ಟ್ಯಾಂಡಿನ ಪಾನಂಗಡಿಯಲ್ಲಿ ನನ್ನ ಮೊಮ್ಮಗಳನ್ನು ದಾರಕ್ಕೆ ತೂಗಬಿಟ್ಟಿದ್ದಾರಂತೆ. ಓಣಿ ತುಂಬ ಸಕ್ಕರೆ ಹಂಚಿ ಬಂದೆ.

ಅವಳನ್ನು ಹಾಗೆ ಸಿಂಗರಿಸಿದವಳು ಪದ್ಮಕ್ಕ. ಫೋಟೋದ ಹುಡುಗಿಯರಿಗೆ ಬಣ್ಣ ಹಚ್ಚಿ ಸೀರೆ ಉಡಿಸುವುದೇ ಆಕೆಯ ನೌಕರಿ. ಜೋಳದ ಹೊಲದಲ್ಲಿ ಹಳ್ಳಿ ಹುಡುಗಿಯದೇ ಫೋಟೋ ಬೇಕೆಂದು ಪತ್ರಿಕೆಯವರು ಹುಬ್ಬಳ್ಳಿಯಿಂದ ಬಂದಾಗ, ಕಾರಿನಿಂದ ಇಳಿಯುವಾಗಲೇ ಬಾಯಲ್ಲಿ ಸಾಲಾಗಿ ಪಿನ್ನು ಕಚ್ಚಿಕೊಂಡಿದ್ದಳು. ಮಾತೆಲ್ಲ ಪಿನ್ನಿನ ಸಂದಿಯಿಂದ. ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ.

“ಯಾಕವ್ವಾ, ನೀ ನಗೂದ ಇಲ್ಲಲ್ಲ?” ಅಂದೆ.

“ನಕ್ಕರ ಪಿನ್ನ ನುಂಗತೇನ್ರಿ ಆಯಿ.”

ಪೌಡರನ್ನು ಮೊದಲು ತನ್ನ ಮುಂಗೈಗೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡಿಯೇ ಗಿರಿಜಾನ ಗಲ್ಲಕ್ಕೆ ಹಚ್ಚಿದಳು. ಜಂಪರು ದೊಗಳೆಯಾಗಿತ್ತು. ಬೆನ್ನ ಹಿಂದೆ ಹಿಡಿದೆಳೆದು ಬಟ್ಟೆ ಒಣಹಾಕುವ ಕ್ಲಿಪ್ಪು ಸಿಗಿಸಿದಳು. “ಮುಂದ ರಾಣಿ, ಹಿಂದ ಅರಿವಿ ಒಣಾ ಹಾಕೂ ಹಗ್ಗ. ತಿರಗಬ್ಯಾಡ ಬೇ!”

ಉಡಿಸಲು ತಂದ ಇಳಕಲ್ ಸೀರೆ ಅಂಗಡಿಯವರಿಂದ ಎರವಲು ಕೇಳಿ ತಂದದ್ದು. ಇದ್ದ ಹಾಗೇ ಮಡಿಚಿ ವಾಪಸ್ ಕೊಡಬೇಕು. “ಒಂದ ಕಲೆ ಬಿದ್ರೂ ನನ್ನ ನೌಕರಿ ಹೋಗತೈತಿ” ಎಂದಳು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ಆದರೆ ಹೊಸ ಸೀರೆಯ ತುದಿಗೆ ಅರಿಷಿಣ ಹಚ್ಚದೆ ನಮ್ಮಲ್ಲಿ ಯಾರು ಉಡುತ್ತಾರೆ? ಗಿರಿಜಾ ಕೈ ಹಿಂದೆ ಕಟ್ಟಿ ನಿಂತಳು. “ಹಂಗ ನಾ ಉಡಂಗಿಲ್ಲ.”

ಫೋಟೋದವನು ಹಣೆ ಬಡಿದುಕೊಂಡ. “ಬಿಸಲು ಹೊಂಟೈತಿ, ಸುತ್ತಿ ಬಿಡ್ರಿ ಪದ್ಮಾ!”

ಪದ್ಮಕ್ಕ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. “ಇಷ್ಟು ವರ್ಷ ಮಂದಿಗೆ ಸೀರಿ ಸುತ್ತೇನ್ರಿ ಆಯಿ, ಯಾರಿಗೂ ಉಡಿಸಿಲ್ಲ. ತರ್ರಿ ಅರಿಷಿಣ.”

ತಾನೇ ಸೆರಗಿನ ಮೂಲೆಗೆ ಹಚ್ಚಿದಳು. ಮುಚ್ಚಿಡಲಿಲ್ಲ, ಆ ಮೂಲೆಯನ್ನು ಭುಜದ ಮುಂದಕ್ಕೇ ತಂದಳು. ಆಮೇಲೆ ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ. ಅದನ್ನು ಕಂಡು ಗಿರಿಜಾನೂ ನಕ್ಕಳು. ಮುಖಪುಟದಲ್ಲಿರುವುದು ಅದೇ ನಗು.

ಇವತ್ತು ಆ ವಾರಪತ್ರಿಕೆಯ ಪುಸ್ತಕ ತಂದುಕೊಟ್ಟವನು ಪತ್ರಿಕೆಯವರ ಡ್ರೈವರ್. “ಪದ್ಮಕ್ಕ ಹೆಂಗದಾಳಪಾ?” ಎಂದು ಕೇಳಿದೆ.

“ಅಂಗಡ್ಯಾಗ ಸೀರಿ ಬಿಚ್ಚಿ ನೋಡಿದ್ರು. ಅವತ್ತ ಆಕೀನ್ನ ಕೆಲಸದಿಂದ ಬಿಡಿಸಿದ್ರರಿ.”

“ಆಕಿ ಏನಂದ್ಲು?”

“ಪಿನ್ನಿನ ಡಬ್ಬಿ ಕೊಟ್ಟು ಹೋದ್ಲು. ಎಲ್ಲಿಗಂತ ಗೊತ್ತಿಲ್ರಿ.”

ಗಿರಿಜಾನಿಂದ ಒಳಪುಟದ ಸಣ್ಣ ಅಕ್ಷರ ಓದಿಸಿದೆ. ಫೋಟೋದವನ ಹೆಸರಿದೆ, ಅಂಗಡಿಯ ಹೆಸರಿದೆ. ಇನ್ನೊಮ್ಮೆ ಓದಿಸಿದೆ. ಪದ್ಮಕ್ಕನದಿಲ್ಲ. ಮುಖಪುಟದ ಮೇಲೆ ಮಾತ್ರ ಸೆರಗಿನ ಮೂಲೆಯಲ್ಲಿ ಹಳದಿ ಬೊಟ್ಟು ಕಾಣುತ್ತದೆ.

ಸಂಜೆ ಮನೆಮಂದಿಯೆಲ್ಲ ಹೋಳಿಗೆ ಊಟಕ್ಕೆ ಕೂತರು, ಪುಸ್ತಕ ನಡುವೆ. ನಾನು ಅರಿಷಿಣದಲ್ಲಿ ಬೆರಳದ್ದಿದೆ.

“ಅವ್ವಾ, ಹೊಸಾ ಪುಸ್ತಕ! ಕಲೆ ಆಗತೈತಿ!” ಮಗ ಕೂಗಿದ.

“ಹೊಸಾದು ಅಂತನ ಹಚ್ಚೂದು” ಎಂದು ಮೂಲೆಗೆ ಒತ್ತಿದೆ. ಆಮೇಲೆ ಎಲ್ಲರ ಜೊತೆ ಕೂತು ಉಂಡೆ. ಹೋಳಿಗೆ ಅಗದಿ ಸಿಹಿಯಾಗಿತ್ತಂತೆ, ಮನೆಯವರು ಹೇಳಿದರು.