ಓಡದ ಡಿಸ್ಕುಗಳ ವಿಶ್ವನಾಥ

ನನ್ನ ಡಿ.ವಿ.ಡಿ. ಪ್ಲೇಯರ್ ಹಾಳುಮಾಡಿದ ಮನುಷ್ಯನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವ ಕೆಲಸ ನನ್ನ ಪಾಲಿಗೇ ಬಂದಿದೆ. ಬೇರೆ ಯಾರೂ ಬರೆಯುವುದಿಲ್ಲ. ನಮ್ಮ ಹಟ್ಟಿಯಲ್ಲಿ ಎಲ್ಲರ ಪ್ಲೇಯರನ್ನೂ ಅವನೇ ಹಾಳುಮಾಡಿದ್ದಾನೆ. ನಾನು ಇನ್ನೊಂದು ಕೊಂಡುಕೊಂಡಿರುವುದರಿಂದ ನನ್ನ ಸಿಟ್ಟು ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ.

ಹೆಸರು ವಿಶ್ವನಾಥ. ಊಟಿಯಿಂದ ಅವಲಾಂಚಿಗೆ ಹೋಗುವ ರಸ್ತೆಯಿಂದ ಕೆಳಕ್ಕಿಳಿದರೆ ಸಿಗುವ ನಮ್ಮ ಹಟ್ಟಿಯವನೇ. ಅವನ ಅಪ್ಪ ಹಳ್ಳದ ಪಕ್ಕ ಕೊಪ್ಪರಿಗೆ ಇಟ್ಟುಕೊಂಡು ನೀಲಗಿರಿ ಎಲೆಯಿಂದ ತೈಲ ಇಳಿಸುತ್ತಿದ್ದ. ಆ ಮನೆಯಲ್ಲಿ ನೆಗಡಿಗೂ ತೈಲ, ಮೊಣಕಾಲಿಗೂ ತೈಲ, ಬಟ್ಟೆಯ ಕಲೆಗೂ ತೈಲ. ಮಗನಿಗೆ ಓದು ಹತ್ತದೆ ಹೋದಾಗ ನೆತ್ತಿಗೂ ಅದನ್ನೇ ತಿಕ್ಕಿದರು. ಹತ್ತನೆಯ ತರಗತಿ ಅದಕ್ಕೆಲ್ಲ ಜಗ್ಗಲಿಲ್ಲ.

ಮೊದಲು ಅವನಿಗೆ ಅವಲಾಂಚಿನಲ್ಲಿ ಕರೆಂಟು ಬೋರ್ಡಿನ ತಾತ್ಕಾಲಿಕ ಕೆಲಸ ಸಿಕ್ಕಿತು. ಅಣೆಕಟ್ಟಿನ ನೀರನ್ನು ನೋಡುತ್ತ ಕೂರುವುದೇ ಕೆಲಸ ಎಂದು ಅವನು ತಿಳಿದಿದ್ದ, ಮೇಲಿನವರು ಹಾಗೆ ತಿಳಿದಿರಲಿಲ್ಲ. ಆಮೇಲೆ ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗಲು ನಿಂತ. ಎಲೆಯ ಬೆಲೆ ಬಿದ್ದು ಫ್ಯಾಕ್ಟರಿ ಬಾಗಿಲು ಹಾಕಿದ್ದು ಅವನ ತಪ್ಪಲ್ಲ, ಅಷ್ಟು ನ್ಯಾಯ ಅವನಿಗೆ ಸಲ್ಲಬೇಕು. ಆ ಕಾಲಕ್ಕೆ ಎರಡು ಸಾವಿರದ ನಾಲ್ಕು ಬಂದಿತ್ತು. ವೆಲ್ಲಿಂಗ್ಟನ್ನಿನಲ್ಲಿ ಯಾರೋ ಮಾರಿಹೋದ ಹಳೆಯ ಕ್ಯಾಮೆರಾ, ಕೊಯಮತ್ತೂರಿನಿಂದ ತಂದ ಕಂಪ್ಯೂಟರು, ಅದರೊಳಗೆ ಡಿಸ್ಕ್ ಬರೆಯುವ ಡ್ರೈವು, ಇಷ್ಟನ್ನು ಮುಂದಿನ ಕೋಣೆಯಲ್ಲಿಟ್ಟು ‘ವಿಶ್ವನಾಥ್ ಡಿಜಿಟಲ್’ ಎಂದು ಬೋರ್ಡು ಬರೆಸಿದ. ಬೋರ್ಡು ಚೆನ್ನಾಗಿತ್ತು.

ನಮ್ಮ ಬಡಗರಲ್ಲಿ ಮದುವೆಗೆ ಹೋಗದಿದ್ದರೂ ನಡೆದೀತು, ಸಾವಿಗೆ ಹೋಗದಿದ್ದರೆ ನಡೆಯುವುದಿಲ್ಲ. ಎಲ್ಲ ಹಟ್ಟಿಗಳಿಂದ ಬಿಳಿಬಟ್ಟೆ ಹೊದ್ದ ಜನ ಬಂದು ಸೇರುತ್ತಾರೆ. ಸತ್ತವರನ್ನು ಮಲಗಿಸಿದ ಮಂಚದ ಸುತ್ತ ಹೆಂಗಸರು ಕೂತು, ಅವರ ತಲೆಗೆ ತಮ್ಮ ತಲೆ ಮುಟ್ಟಿಸಿ, ಮನಸ್ಸಿನಲ್ಲಿ ಇರುವುದನ್ನೆಲ್ಲ ಹಾಡಿ ಹೇಳಿ ಅಳುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಮುಂದೆ ವರ್ಷಗಟ್ಟಲೆ ಮಾತಾಡುತ್ತಾರೆ. ಹೀಗಾಗಿ ಮದುವೆಯ ವಿಡಿಯೋಕ್ಕಿಂತ ಸಾವಿನ ವಿಡಿಯೋಕ್ಕೆ ಇಲ್ಲಿ ಬೆಲೆ ಹೆಚ್ಚು. ವಿಶ್ವನಾಥ ಇದನ್ನು ಸರಿಯಾಗಿಯೇ ಲೆಕ್ಕ ಹಾಕಿದ್ದ.

ಲೆಕ್ಕ ತಪ್ಪಿದ್ದು ಒಂದೇ ಕಡೆ. ಅವನ ಡಿಸ್ಕುಗಳು ಓಡುತ್ತಿರಲಿಲ್ಲ.

ಕಂಪ್ಯೂಟರ್ ಪ್ರತಿಸಲ ‘ಬರೆದದ್ದು ಯಶಸ್ವಿಯಾಗಿದೆ’ ಎಂದು ತೋರಿಸುತ್ತಿತ್ತು. ಅಲ್ಲೇ ಹಾಕಿ ನೋಡಿದರೆ ಮದುಮಗಳು ನಗುತ್ತಿದ್ದಳು. ಅದೇ ಡಿಸ್ಕನ್ನು ಮನೆಗೆ ತಂದು ಪ್ಲೇಯರಿಗೆ ಹಾಕಿದರೆ ಅದು ಒಳಗೆ ಗರಗರ ಸುತ್ತಿ, ಸ್ವಲ್ಪ ಯೋಚಿಸಿ, ‘ಡಿಸ್ಕ್ ಇಲ್ಲ’ ಎನ್ನುತ್ತಿತ್ತು. ಕೈಯಾರೆ ಒಳಗಿಟ್ಟದ್ದನ್ನು ಇಲ್ಲ ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ನಾನು ವಾಪಸು ತೆಗೆದುಕೊಂಡು ಹೋದಾಗ ಅವನು ನನ್ನನ್ನು ಕನಿಕರದಿಂದ ನೋಡಿದ.

“ಎನ್ನ ಕಂಪ್ಯೂಟರಲಿ ಓಡಿತು. ನಿನ್ನ ಪೆಟ್ಟಿಗೆಲಿ ಓಡದಿದ್ದರೆ ನಾ ಏನ ಮಾಡಲಿ, ಅಣ್ಣ?” ಎಂದ.

ಮರುದಿನ ನಾನು ಅಂಗಡಿಯಿಂದ ತಂದ ಸಿನಿಮಾ ಡಿಸ್ಕ್ ಹಾಕಿದರೆ ಅದೂ ಓಡಲಿಲ್ಲ. ಅಲ್ಲಿಗೆ ಅವನ ಮಾತೇ ಗೆದ್ದಿತು. ತಪ್ಪು ಪ್ಲೇಯರಿನದೇ. ಹಟ್ಟಿಯ ಒಂದೊಂದು ಮನೆಯಲ್ಲೂ ಹೀಗೆಯೇ ಆಯಿತು, ಮೊದಲು ಅವನ ಡಿಸ್ಕ್ ಓಡುವುದಿಲ್ಲ, ಆಮೇಲೆ ಯಾವ ಡಿಸ್ಕೂ ಓಡುವುದಿಲ್ಲ. ಹಟ್ಟಿಯವರೆಲ್ಲ ಸೇರಿ ಕೆಟ್ಟ ಪ್ಲೇಯರುಗಳನ್ನೇ ಆರಿಸಿ ಕೊಂಡುಕೊಂಡಿದ್ದಾರೆ ಎಂದು ಅವನು ನಿಜವಾಗಿಯೂ ನಂಬಿದ್ದ.

ಕಾರಣ ಹುಡುಕುವುದರಲ್ಲಿ ಅವನಷ್ಟು ಶ್ರಮಪಟ್ಟವರನ್ನು ನಾನು ಕಂಡಿಲ್ಲ. ಮೊದಲು ಮಂಜಿನ ಮೇಲೆ ಹೊರಿಸಿದ. ಮಂಜಿನ ಥಂಡಿ ಡಿಸ್ಕಿಗೆ ಇಳಿಯುತ್ತದೆಂದು ಅವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟ. ಒಂದಷ್ಟು ಬಾಗಿದವು. ವೇಗ ಹೆಚ್ಚಾಯಿತೆಂದು ಬರೆಯುವ ವೇಗ ಇಳಿಸಿದ, ಒಂದು ಡಿಸ್ಕ್ ಬರೆಯುವಷ್ಟರಲ್ಲಿ ಅವನ ಹೆಂಡತಿ ಅಡುಗೆ ಮುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಪ್ಲಸ್ ಗುರುತಿನ ಡಿಸ್ಕ್ ಬಿಟ್ಟು ಮೈನಸ್ ಗುರುತಿನದ್ದು ತಂದ, ಅದು ಬಿಟ್ಟು ಮತ್ತೆ ಪ್ಲಸ್ಸಿಗೆ ಬಂದ. ಮೇಲೆ ಅಂಟಿಸುತ್ತಿದ್ದ ದಂಪತಿಗಳ ಫೋಟೋ ಕಿತ್ತುಹಾಕಿದ. ಕರೆಂಟಿನ ವೋಲ್ಟೇಜನ್ನೂ ಬೈದ. ಕರೆಂಟು ಬೋರ್ಡಿನ ಮೇಲೆ ಅವನಿಗೆ ಹಳೆಯ ಸಿಟ್ಟಿತ್ತು.

ಬದಲಾಗದೆ ಉಳಿದದ್ದು ಎರಡು. ಒಂದು, ವಿಡಿಯೋದಲ್ಲಿ ಎಲ್ಲಿ ಚಿತ್ರ ಅಲ್ಲಾಡಿತ್ತೋ ಅಲ್ಲಿ ಅವಲಾಂಚಿನ ಅಣೆಕಟ್ಟಿನ ನೀರನ್ನು ತೋರಿಸುವುದು. ಕೈ ಬಹಳ ನಡುಗುತ್ತಿದ್ದುದರಿಂದ ನಮ್ಮ ಹಟ್ಟಿಯ ಪ್ರತಿ ಮದುವೆಯಲ್ಲೂ ಅರ್ಧ ಅವಲಾಂಚೇ ಇರುತ್ತಿತ್ತು. ಎರಡನೆಯದು, ಡಿಸ್ಕನ್ನು ಗಿರಾಕಿಯ ಕೈಗೆ ಕೊಡುವ ಮೊದಲು ಮೆತ್ತನೆಯ ಬಟ್ಟೆಗೆ ಎರಡು ಹನಿ ನೀಲಗಿರಿ ತೈಲ ಹಾಕಿ, ಹೊಳೆಯುವ ಮುಖವನ್ನು ಚೆನ್ನಾಗಿ ಒರೆಸುವುದು. ಪರೀಕ್ಷೆಯೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತಿತ್ತು. ಒರೆಸಿದ ಮೇಲೆ ಮತ್ತೆ ಹಾಕಿ ನೋಡಬೇಕೆಂದು ಅವನಿಗೆ ಅನಿಸಲಿಲ್ಲ, ನಮಗೂ ಅನಿಸಲಿಲ್ಲ. ಈ ಬೆಟ್ಟದಲ್ಲಿ ಹುಟ್ಟಿದವರು ಯಾರೂ ತೈಲವನ್ನು ಅನುಮಾನಿಸುವುದಿಲ್ಲ. ಹಟ್ಟಿಯ ಪ್ಲೇಯರುಗಳೆಲ್ಲ ತೈಲದ ವಾಸನೆ ಹೊಡೆಯುತ್ತಿದ್ದವು, ನಾವು ಅದನ್ನು ಶುಚಿತ್ವದ ವಾಸನೆ ಎಂದುಕೊಂಡೆವು.

ಇಷ್ಟೇ ಆಗಿದ್ದರೆ ನಗುತ್ತ ಬಿಟ್ಟುಬಿಡಬಹುದಿತ್ತು. ಆದರೆ ಬೆಳ್ಳಕ್ಕ ಸತ್ತಳು.

ಬೆಳ್ಳಕ್ಕ ನಮ್ಮ ಪಕ್ಕದ ಮನೆಯ ಮೋಹನನ ತಾಯಿ. ಅವಳ ಒಬ್ಬಳೇ ತಂಗಿ ನಂಜಿ ವೆಲ್ಲಿಂಗ್ಟನ್ನಿನಲ್ಲಿದ್ದಾಳೆ, ಗಂಡ ದಂಡಿನ ಆಫೀಸಿನಲ್ಲಿ ನೌಕರಿಗಿದ್ದವನು. ಅಕ್ಕತಂಗಿಯರು ಆರು ವರ್ಷ ಮಾತು ಬಿಟ್ಟಿದ್ದರು. ಮೋಹನನ ಮದುವೆಯಲ್ಲಿ ಬೆಳ್ಳಕ್ಕ ತಂಗಿಯನ್ನು ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದಳೆಂಬುದೇ ಕಾರಣ. ಬೇರೆ ಊರಿನವರಿಗೆ ಇದು ಸಣ್ಣದಾಗಿ ಕಾಣಬಹುದು. ಅವರು ನಮ್ಮಲ್ಲಿ ಎರಡನೆಯ ಪಂಕ್ತಿಯಲ್ಲಿ ಕೂತು ನೋಡಲಿ.

ಸಾವಿನ ದಿನ ನಂಜಿಯ ಬಸ್ಸು ದಾರಿಯಲ್ಲಿ ಕೆಟ್ಟಿತು. ಅವಳು ಬಂದು ಮುಟ್ಟುವ ಹೊತ್ತಿಗೆ ಮಂಚ ಎತ್ತುವ ಗಡಿಬಿಡಿ, ಮೋಹನ ಹಿರಿಯರ ಜೊತೆ ಬೇರೆ ಕಡೆ ಇದ್ದ. ಅವಳು ಹೇಳುವುದು, ತಾನು ಜನರ ನಡುವೆ ನುಗ್ಗಿ ಅಕ್ಕನ ತಲೆಗೆ ತಲೆ ಮುಟ್ಟಿಸಿ ಅತ್ತಿದ್ದೆ ಎಂದು. ಮೋಹನ ಹೇಳುವುದು, ಕುನ್ನವ್ವೆ ಬರಲೇ ಇಲ್ಲ ಎಂದು. ಕುನ್ನವ್ವೆ ಎಂದರೆ ನಮ್ಮಲ್ಲಿ ಚಿಕ್ಕಮ್ಮ. ಅವಳ ಕಡೆಯವರು ನೋಡಿದೆವು ಎಂದರು, ಮೋಹನ ನಂಬಲಿಲ್ಲ. ಇವನ ಕಡೆಯವರು ಇವನ ಮುಖ ನೋಡಿಕೊಂಡು ಏನನ್ನೂ ನೋಡಿಲ್ಲ ಎಂದರು. ಮಂಚದ ಪಕ್ಕದಲ್ಲೇ ಕ್ಯಾಮೆರಾ ಹಿಡಿದು ನಿಂತಿದ್ದ ವಿಶ್ವನಾಥನನ್ನು ಕೇಳಿದರೆ, ತಾನು ಫೋಕಸ್ ನೋಡುತ್ತಿದ್ದೆ, ಜನರನ್ನು ನೋಡಲಿಲ್ಲ ಎಂದ.

ಮೋಹನ ಒಂದೇ ಮಾತು ಹೇಳಿಬಿಟ್ಟ. ಅವ್ವೆಯ ಸಾವಿಗೆ ಬಾರದವಳು ಅವ್ವೆಯ ಮನೆಯ ಹೊಸಲು ತುಳಿಯಬಾರದು. ನಂಜಿ ಹುಟ್ಟಿ ಬೆಳೆದದ್ದು ಇದೇ ಹಟ್ಟಿಯಲ್ಲಿ. ಅಕ್ಕ ಹೋದ ಮೇಲೆ ಅವಳಿಗೆ ತನ್ನದು ಎನ್ನಲು ಇಲ್ಲಿ ಉಳಿದದ್ದು ಆ ಹೊಸಲು ಒಂದೇ. ಆ ಮಾತು ಕೇಳಿದ ದಿನ ನನಗೆ ಮೋಹನನ ಮೇಲೆ ಕೆಟ್ಟ ಕೋಪ ಬಂತು, ಮತ್ತು ಎಲ್ಲರ ಹಾಗೆ ನಾನೂ ಸುಮ್ಮನಿದ್ದೆ.

ಬೆಳ್ಳಕ್ಕನಿಗೆ ವರ್ಷದ ಎಡೆ ಇಡುವ ದಿನ ಹತ್ತಿರವಾದಾಗ ನಂಜಿಯೇ ಬಂದು ಹಟ್ಟಿಯ ಹಿರಿಯರ ಮುಂದೆ ನಿಂತಳು. “ನಾ ಬಂದೆ. ಅಕ್ಕನ ತಲೆಗೆ ತಲೆ ಕೊಟ್ಟೆ. ಎನ್ನ ಮಾತು ಬೇಡ, ಡಿಸ್ಕ ನೋಡಿ,” ಎಂದಳು. ಹಿರಿಯರಿಗೆ ಇದು ಬಹಳ ಹಿಡಿಸಿತು. ತೀರ್ಮಾನ ತಮ್ಮ ತಲೆಯಿಂದ ಇಳಿದು ಯಂತ್ರದ ತಲೆಗೆ ಹೋಗುತ್ತದೆಂದರೆ ಯಾವ ಹಿರಿಯರಿಗೆ ಬೇಡ? ಭಾನುವಾರ ಮೋಹನನ ಮನೆಯಲ್ಲಿ ಎಲ್ಲರೂ ಕೂತು ನೋಡುವುದೆಂದಾಯಿತು. ಅದೊಂದು ದಿನ ನಂಜಿ ಹೊಸಲು ದಾಟಬಹುದೆಂದು ಅಪ್ಪಣೆಯೂ ಆಯಿತು.

ಆ ಡಿಸ್ಕ್ ಎಲ್ಲೂ ಓಡಿಲ್ಲ ಎಂಬುದನ್ನು ಆಮೇಲೆ ಯಾರೋ ನೆನಪಿಸಿದರು.

ವಿಶ್ವನಾಥನ ಬಳಿ ಮೂಲ ಇರಲಿಲ್ಲ. ಟೇಪಿನ ಮೇಲೆ ಇನ್ನೊಂದು ಮದುವೆ ತೆಗೆದಿದ್ದ, ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಲ್ಲಿಯದನ್ನೂ ಅಳಿಸಿದ್ದ. ಯಾರದೋ ಮನೆಯಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ತಂದು, ಭಕ್ತಿಯಿಂದ ಇನ್ನೊಮ್ಮೆ ತೈಲದಲ್ಲಿ ಒರೆಸಿ, ತನ್ನ ಕಂಪ್ಯೂಟರಿಗೇ ಹಾಕಿದ. ಅಲ್ಲಿಯೂ ಓಡಲಿಲ್ಲ. ಅಂದಿನಿಂದ ಆ ಡ್ರೈವು ಬೇರೆ ಯಾವುದನ್ನೂ ಓದಲಿಲ್ಲ. ನಿಮ್ಮ ಪ್ಲೇಯರುಗಳ ರೋಗ ಡಿಸ್ಕಿಗೆ ಅಂಟಿ, ಡಿಸ್ಕಿನಿಂದ ನನ್ನ ಕಂಪ್ಯೂಟರಿಗೆ ಅಂಟಿತು ಎಂದು ಅವನು ನನ್ನ ಮನೆಗೇ ಬಂದು ಜಗಳ ಮಾಡಿದ. ಮೊದಲ ಸಲ ಅವನ ಕಣ್ಣಲ್ಲಿ ಭಯ ಕಂಡೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬುದು ಅವನಿಗೂ ಗೊತ್ತಾಗಿತ್ತು.

ಮೋಹನನ ಮನೆಯ ಪ್ರತಿಯಾದರೂ ಇರಬೇಕಲ್ಲ ಎಂದರು. ಇತ್ತು, ಬೀನ್ಸ್ ಪಾತಿಯಲ್ಲಿತ್ತು. ಓಡದ ಡಿಸ್ಕುಗಳಿಂದ ಹಟ್ಟಿಗೆ ಆದ ಒಂದೇ ಉಪಕಾರ ಎಂದರೆ ಹಕ್ಕಿ ಬೆದರಿಸುವುದು. ದಾರ ಕಟ್ಟಿ ಕೋಲಿಗೆ ತೂಗುಬಿಟ್ಟರೆ ಗಾಳಿಗೆ ಮಿಂಚುತ್ತವೆ. ತಾಯಿಯ ಸಾವಿಗೆ ಯಾರು ಬಂದರೆಂದು ಊರೆಲ್ಲ ಲೆಕ್ಕ ಕೇಳುತ್ತಿದ್ದ ಮಗ, ಅದೇ ಸಾವನ್ನು ಒಂದು ವಾರದಿಂದ ಬೀನ್ಸ್ ಕಾಯಲು ಹಚ್ಚಿದ್ದ. ಇದನ್ನು ಯಾರೂ ಅವನ ಎದುರು ಹೇಳಲಿಲ್ಲ. ನಾನು ಇಲ್ಲಿ ಹೇಳುತ್ತಿದ್ದೇನೆ.

ಮಾನ ಹೋಗುತ್ತದೆಂದು ಹೆದರಿದವಳು ಮೋಹನನ ಹೆಂಡತಿ ಹಾಲಿ. ಭಾನುವಾರ ಬೆಳಗ್ಗೆಯೇ ಹೋಗಿ ದಾರ ಬಿಚ್ಚಿ ತಂದಳು. ಹಕ್ಕಿಗಳು ಬೆದರಿದ ಹಾಗೆ ಕಾಣಲಿಲ್ಲ, ಅವುಗಳ ಹಿಕ್ಕೆ ಡಿಸ್ಕಿನ ಮೇಲೆಯೇ ಇತ್ತು. ಜಿಡ್ಡಿಗೆ ಮಣ್ಣು ಬೇರೆ ಅಂಟಿತ್ತು. ಅತ್ತೆಯ ಸಾವನ್ನು ಹಿರಿಯರ ಮುಂದೆ ಹೀಗೆ ಇಡುವುದು ಹೇಗೆ ಎಂದು ಅದನ್ನು ತಟ್ಟೆ ಲೋಟಗಳ ಜೊತೆ ಬಚ್ಚಲಿಗೆ ಹಾಕಿ, ಸೋಪು ಹಚ್ಚಿ ಕೈಯಿಂದ ಉಜ್ಜಿ ತೊಳೆದು, ಹಳೆಯ ಬಿಳಿ ಪಂಚೆಯಲ್ಲಿ ಒರೆಸಿಟ್ಟಳು.

ಹಟ್ಟಿಯಲ್ಲಿ ಓಡುವ ಪ್ಲೇಯರ್ ನನ್ನದೊಂದೇ. ವಿಶ್ವನಾಥನ ಡಿಸ್ಕ್ ಇದಕ್ಕೆ ಮುಟ್ಟಿಸುವುದಿಲ್ಲವೆಂದು ನಾನು ಹೆಂಡತಿಗೆ ಮಾತು ಕೊಟ್ಟಿದ್ದೆ. ಆಗಲೇ ಬಂದು ಮೋಹನನ ಮನೆಯಲ್ಲಿ ಗೋಡೆ ಕಡೆ ತಿರುಗಿ ಕೂತಿದ್ದ ನಂಜಿಯನ್ನು ನೆನೆದು ಮಾತು ಮುರಿದೆ, ಪ್ಲೇಯರನ್ನು ಟವಲಿನಲ್ಲಿ ಸುತ್ತಿ ಹೊತ್ತು ತಂದೆ. ಹಿರಿಯರು ಚಾಪೆಯ ಮೇಲೆ ಕೂತರು. ವಿಶ್ವನಾಥ ಬಾಗಿಲ ಹತ್ತಿರ, ಓಡಲು ಅನುಕೂಲವಾದ ಕಡೆ ನಿಂತ. ಡಿಸ್ಕ್ ಒಳಗೆ ಹೋಗಿ ಗರಗರ ಸುತ್ತಿತು. ಎಲ್ಲರೂ ‘ಡಿಸ್ಕ್ ಇಲ್ಲ’ ಎಂಬುದಕ್ಕೆ ಕಾಯುತ್ತಿದ್ದೆವು.

ಪರದೆಯ ಮೇಲೆ ಬೆಳ್ಳಕ್ಕನ ಫೋಟೋ ಬಂತು, ಸುತ್ತ ಗುಲಾಬಿ ಹೂವು ಬಿದ್ದವು.

ಮೊದಲು ಮಾತಾಡಿದವನು ವಿಶ್ವನಾಥ. ಇದಕ್ಕೆ ಏನು ಮಾಡಿದಿರಿ ಎಂದು ಬೆಪ್ಪಾಗಿ ಕೇಳಿದ.

“ತೈಲದ ನಾತ ಹೋಗಲೆಂದು ಸೋಪು ಹಾಕಿ ಎರಡು ಸಲ ತೊಳೆದೆ,” ಎಂದಳು ಹಾಲಿ.

ಕೋಣೆಯಲ್ಲಿದ್ದವರೆಲ್ಲ ನಿಧಾನವಾಗಿ ಅವನ ಕಡೆ ತಿರುಗಿದರು. ಎರಡು ವರ್ಷದ ಮಂಜು, ವೋಲ್ಟೇಜು, ಪ್ಲಸ್ಸು, ಮೈನಸ್ಸು ಎಲ್ಲ ಆ ಒಂದು ಬಚ್ಚಲಲ್ಲಿ ತೊಳೆದುಹೋದವು. ತೈಲದ ಪೊರೆ ಡಿಸ್ಕಿನ ಕಣ್ಣು ಮುಚ್ಚಿತ್ತು, ಅಲ್ಲಿಂದ ಹಾರಿ ಪ್ಲೇಯರಿನ ಕಣ್ಣಿಗೂ ಮೆತ್ತಿಕೊಂಡಿತ್ತು. ವಿಶ್ವನಾಥ ತನ್ನ ಅಂಗೈ ಮೂಸಿ ನೋಡಿಕೊಂಡ. ನನ್ನ ಮೊದಲ ಪ್ಲೇಯರಿನ ನೆನಪಾಗಿ ನಾನು ಎದ್ದು ನಿಲ್ಲುವುದರಲ್ಲಿದ್ದೆ, ಅಷ್ಟರಲ್ಲಿ ಪರದೆಯ ಮೇಲೆ ಮಂಚ ಕಾಣಿಸಿತು.

ಜನ ಒತ್ತಿಕೊಂಡು ಬಂದರು, ಮಂಚ ಎತ್ತುವ ಗಡಿಬಿಡಿ ಶುರುವಾಯಿತು. ನಂಜಿ ಮುಂದಕ್ಕೆ ಬಾಗಿದಳು. ಬಿಳಿ ಬಟ್ಟೆಯ ಹೆಂಗಸೊಬ್ಬಳು ಗುಂಪಿನಲ್ಲಿ ನುಗ್ಗುತ್ತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ಮೊಣಕೈ ತಾಗಿರಬೇಕು, ಚಿತ್ರ ಅಲ್ಲಾಡಿತು. ಅಷ್ಟೇ. ಪುಟ ಮಗುಚಿದಂತೆ ಚಿತ್ರ ಮಗುಚಿ, ಅವಲಾಂಚಿನ ಅಣೆಕಟ್ಟು ಬಂತು. ನೀಲಿ ನೀರು, ಆಚೆ ದಡದ ಮರಗಳು, ಮೂಲೆಯಲ್ಲಿ ‘ವಿಶ್ವನಾಥ್ ಡಿಜಿಟಲ್’.

ಒಬ್ಬ ಮನುಷ್ಯನನ್ನು ಕೊಲ್ಲಬೇಕೆಂದು ನನಗೆ ಜೀವನದಲ್ಲಿ ಒಮ್ಮೆ ಅನಿಸಿದ್ದು ಆಗಲೇ. ನಂಜಿ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೋಹನ ‘ನೋಡಿದಿರಾ’ ಎನ್ನುವಂತೆ ಹಿರಿಯರ ಕಡೆ ತಿರುಗಿದ.

ಮದುವೆಗಳಲ್ಲಾದರೆ ವಿಶ್ವನಾಥ ಆ ನೀರಿನ ಮೇಲೆ ಕೊಳಲಿನ ಸಂಗೀತ ಹಾಕುತ್ತಿದ್ದ. ಸಾವೆಂದು ಹಾಕಿರಲಿಲ್ಲ, ಚಿತ್ರ ಬದಲಿಸಿ ಶಬ್ದವನ್ನು ಹಾಗೆಯೇ ಬಿಟ್ಟಿದ್ದ. ಅಲೆಯಾಡುವ ನೀರಿನ ಮೇಲಿಂದ ಒಬ್ಬ ಹೆಂಗಸಿನ ಅಳು ಎದ್ದಿತು.

“ಅಕ್ಕಾ, ಎನ್ನ ಎರಡನೇ ಪಂತಿಲಿ ಕೂರಿಸಿದೆಯಲ್ಲ ಅಕ್ಕಾ. ಈಗ ಎನ್ನ ಬುಟ್ಟು ನೀ ಮುಂದೆ ಎದ್ದು ಹೋದೆಯಲ್ಲ. ಎನ್ನೊಡನೆ ಒಂದು ಮಾತಾಡಿಬುಟ್ಟು ಹೋಗು ಅಕ್ಕಾ.”

ಯಾರ ದನಿ ಎಂದು ಯಾರೂ ಕೇಳಲಿಲ್ಲ. ಆ ಮಾತು ಆಡಲು ಈ ಲೋಕದಲ್ಲಿ ಇದ್ದವಳು ಒಬ್ಬಳೇ. ನೀರು ಹೋಗಿ ಮತ್ತೆ ಜನ ಬಂದರು, ಮಂಚ ಎದ್ದಿತು. ಮೋಹನ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಓಡಿಸಿದ. ಮತ್ತೆ ಅದೇ ಅಣೆಕಟ್ಟು, ಅದೇ ಅಳು. ಎಷ್ಟು ಸಲ ಓಡಿಸಿದನೋ ಲೆಕ್ಕವಿಡಲಿಲ್ಲ. ನೀರನ್ನು ನೋಡುತ್ತ ಅವನೂ ಅಳುತ್ತಿದ್ದ, ನಾನೂ ಅಳುತ್ತಿದ್ದೆ. ಪುಣ್ಯಾತ್ಮ ವಿಶ್ವನಾಥ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ.

ಹಿರಿಯರು ಏನೂ ಹೇಳಬೇಕಾಗಿ ಬರಲಿಲ್ಲ. ಮೋಹನ ಎದ್ದು, ಒಳಗಿನಿಂದ ತಟ್ಟೆ ತಂದು ನಂಜಿಯ ಮುಂದೆ ಇಟ್ಟ.

“ಹಾಲಿ, ಕುನ್ನವ್ವೆಗೆ ಮೊದಲು ಇಕ್ಕು,” ಎಂದ.

ಅನ್ನ ಬಂತು, ಅವರೆಕಾಳಿನ ಸಾರು ಬಂತು. ನಂಜಿ ಬಹಳ ಹೊತ್ತು ತಟ್ಟೆಯನ್ನೇ ನೋಡಿ, ಆಮೇಲೆ ಕೈ ಹಾಕಿದಳು. ಅವಳು ಉಂಡು ಏಳುವವರೆಗೆ ಹಿರಿಯರೂ ಕಾದರು. ಆಮೇಲೆ ಅವರ ಪಂಕ್ತಿ ಆಯಿತು. ವಿಶ್ವನಾಥನನ್ನು ಕಟ್ಟಕಡೆಗೆ ಕೂರಿಸಿದರು, ಅವನ ಪಕ್ಕ ನನ್ನನ್ನೂ ಕೂರಿಸಿದರು, ಇಬ್ಬರೂ ಪಂಕ್ತಿಯ ಲೆಕ್ಕ ಕೇಳದೆ ಉಂಡೆವು.